ಪೊಟೊಮ್ಯಾಕ್‌ನ ಬಾಸ್, ಕಾವೇರಿಯ ಬಿಳಿ ಮೀನು

ಬಾಸ್ ಮೀನು ಹಿಡಿಯಲು ಅಮೆರಿಕದ ಪೊಟೊಮ್ಯಾಕ್ ನದಿಗೆ ದೋಣಿ ಇಳಿಸುವ ಹಿಂದಿನ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಅಂಕಿ ಓಡಾಡುತ್ತಿರುತ್ತದೆ. ಪಾಯಿಂಟ್ ಆಫ್ ರಾಕ್ಸ್ ಅನ್ನುವ ಪುಟ್ಟ ಊರಿನಲ್ಲಿ ನದಿಯ ಮಟ್ಟ ಅಳೆಯುವ ಮಾಪಕ ಇದೆ. ಅಲ್ಲಿ 1895ರಿಂದ ನೀರಿನ ಲೆಕ್ಕ ಇಡುತ್ತಾ ಬಂದಿದ್ದಾರೆ. ಈಗ ಅದು ಫೋನಿನಲ್ಲೇ ಸಿಗುತ್ತದೆ. ಎರಡು ಅಡಿಗಿಂತ ಕೆಳಗಿದ್ದರೆ ನಮಗೆ ಹಬ್ಬ. ಮೇಲಿನ ಬೆಟ್ಟಗಳಲ್ಲಿ ಮಳೆ ಬಿದ್ದು ಅಂಕಿ ಏರತೊಡಗಿದರೆ ಯಾರೂ ವಾದ ಮಾಡುವುದಿಲ್ಲ, ಕಟ್ಟಿಟ್ಟ ಬುತ್ತಿಯನ್ನು ಮನೆಯಲ್ಲೇ ಬಿಚ್ಚುತ್ತೇವೆ.

ಹೋದ ಜುಲೈನ ಒಂದು ಶನಿವಾರಕ್ಕೆ ಅಂಕಿ ಚೆನ್ನಾಗಿತ್ತು. ವಾರವಿಡೀ ಬಿಸಿಲು ಕಾದಿತ್ತು. ನದಿ ಇಳಿದು ತಿಳಿಯಾಗಿತ್ತು. ನಾವು ಐದು ಜನ. ಎಲ್ಲರ ಮನೆಯೂ ಮೇರಿಲ್ಯಾಂಡ್‌ನ ಫ್ರೆಡರಿಕ್ ಸುತ್ತಮುತ್ತ. ಒಬ್ಬ ಹೊನ್ನಾವರದವನು, ಶರಾವತಿ ಸಮುದ್ರ ಸೇರುವ ಕಡೆ ಗಾಳ ಹಾಕುತ್ತಲೇ ಬೆಳೆದವನು. ಒಬ್ಬ ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆಯವನು. ಇನ್ನೊಬ್ಬ ಸಾಗರದವನು. ಅವನು ಮೀನು ತಿನ್ನುವುದಿಲ್ಲ, ಹಿಡಿಯುವುದೂ ಇಲ್ಲ, ಆದರೆ ಹುಟ್ಟು ಹಾಕುವುದರಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗ. ಇವರೆಲ್ಲರ ಜೊತೆ ನಮ್ಮ ಪಕ್ಕದ ಮನೆಯ ಅಮೆರಿಕನ್ ಹಿರಿಯರು. ಎಪ್ಪತ್ತು ದಾಟಿದೆ. ಈ ನದಿಯನ್ನು ನಮಗೆ ಪರಿಚಯ ಮಾಡಿಕೊಟ್ಟವರು ಅವರೇ.

ನದಿಯ ದಾರಿಗೆ ಎರಡು ಕಾರು ಬೇಕು. ಒಂದನ್ನು ಕೆಳಗೆ ಸ್ನೈಡರ್ಸ್ ಲ್ಯಾಂಡಿಂಗ್‌ನಲ್ಲಿ ಬಿಟ್ಟು, ಇನ್ನೊಂದರಲ್ಲಿ ದೋಣಿ ಹೇರಿಕೊಂಡು ಮೇಲೆ ಟೇಲರ್ಸ್ ಲ್ಯಾಂಡಿಂಗ್‌ಗೆ ಹೋಗಬೇಕು. ನಡುವೆ ನಾಲ್ಕು ಮೈಲಿಗೂ ಸ್ವಲ್ಪ ಜಾಸ್ತಿ ನದಿ. ಸುಮ್ನೆ ತೇಲಿಕೊಂಡು ಹೋದರೆ ಎರಡು ಮೂರು ಗಂಟೆಯ ಹಾದಿ. ಮೀನು ಹಿಡಿಯುವವರಿಗೆ ಒಂದು ಇಡೀ ದಿನ. ಎಡದಂಡೆ ಮೇರಿಲ್ಯಾಂಡ್, ಬಲದಂಡೆ ವೆಸ್ಟ್ ವರ್ಜೀನಿಯ. ಆದರೆ ನೀರು ಪೂರ್ತಿ ಮೇರಿಲ್ಯಾಂಡಿನದೇ. 1632ರಲ್ಲಿ ಇಂಗ್ಲೆಂಡಿನ ರಾಜ ಬರೆದುಕೊಟ್ಟ ಸನ್ನದಿನಲ್ಲಿ ಗಡಿ ಆಚೆ ದಡದವರೆಗೂ ಹೋಗಿತ್ತು, ಇವತ್ತಿಗೂ ಹಾಗೇ ಉಳಿದಿದೆ. ನದಿ ನೀರಿನ ವಿಷಯ ಎಲ್ಲಿ ಹೋದರೂ ಹಳೇ ಕಾಗದದ ಮೇಲೇ ನಿಂತಿರುತ್ತದೆ. ಇದನ್ನು ಕಾವೇರಿ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ ಅಲ್ವಾ.

ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ನೀರಿನಲ್ಲಿದ್ದವು. ಮೂರು ಪ್ಲಾಸ್ಟಿಕ್ ಕಯಾಕ್, ಒಂದು ಹಳೇ ಅಲ್ಯೂಮಿನಿಯಂ ಕ್ಯಾನೂ. ಕ್ಯಾನೂನಲ್ಲಿ ಸಾಗರದವನು ಹಿಂದೆ, ಮಳವಳ್ಳಿಯವನು ಮುಂದೆ. ಎಲ್ಲರ ಮೈಮೇಲೂ ಲೈಫ್ ಜಾಕೆಟ್. ಈ ವಿಷಯದಲ್ಲಿ ಹಿರಿಯರದು ಕಟ್ಟುನಿಟ್ಟು. ನೀರು ಮೊಣಕಾಲುದ್ದ ಇದ್ದರೂ ಜಾಕೆಟ್ ಬಿಚ್ಚುವ ಹಾಗಿಲ್ಲ. ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಕೊಂಡು ಸೆಳವು ಮೇಲಿಂದ ಒತ್ತಿದರೆ ಮೊಣಕಾಲುದ್ದದ ನೀರೂ ಸಾಕು ಅನ್ನುತ್ತಾರೆ.

ಇಂಥ ನದಿಗೆ ಪುಟ್ಟ ದೋಣಿಯೇ ಸರಿ. ಬೇಸಿಗೆಯಲ್ಲಿ ಇಲ್ಲಿ ಎಷ್ಟೋ ಕಡೆ ನೀರು ಪಾದ ಮುಳುಗುವಷ್ಟೇ ಇರುತ್ತದೆ. ತಳದಲ್ಲಿ ಸುಣ್ಣಕಲ್ಲಿನ ಸಾಲುಗಳು ನದಿಗೆ ಅಡ್ಡಡ್ಡ ಮಲಗಿವೆ. ಮೋಟಾರು ದೋಣಿ ತಂದರೆ ಮೊದಲ ಸಾಲಿನಲ್ಲೇ ಹೊಟ್ಟೆ ಹರಿದುಕೊಳ್ಳುತ್ತದೆ. ಕಯಾಕ್ ಆದರೆ ನಾಲ್ಕು ಬೆರಳು ನೀರಿದ್ದರೂ ಜಾರುತ್ತದೆ, ಅಷ್ಟೂ ಇಲ್ಲದಿದ್ದರೆ ಇಳಿದು ಎಳೆದುಕೊಂಡು ಹೋಗಬಹುದು. ಅದಕ್ಕಿಂತ ಮುಖ್ಯ, ನಾವು ನೀರಿನ ಮಟ್ಟಕ್ಕೇ ಕೂತಿರುತ್ತೇವೆ. ಸೇತುವೆ ಮೇಲೆ ನಿಂತವರಿಗೆ ನದಿ ಒಂದೇ ಹಾಸು. ಕಯಾಕಿನಲ್ಲಿ ಕೂತವರಿಗೆ ಅದು ನೂರು ತುಂಡು. ಇಲ್ಲಿ ಓಟ, ಅಲ್ಲಿ ಸುಳಿ, ಆ ಕಲ್ಲಿನ ಹಿಂದೆ ಅಲುಗಾಡದ ನೀರು, ಈ ಪಕ್ಕದಲ್ಲಿ ಇದ್ದಕ್ಕಿದ್ದ ಹಾಗೆ ಕಪ್ಪಾಗುವ ಮಡು.

ನಾವು ಹುಡುಕುವ ಸ್ಮಾಲ್‌ಮೌತ್ ಬಾಸ್ ಅನ್ನುವ ಮೀನು ಇರುವುದು ಈ ತುಂಡುಗಳು ಒಂದಕ್ಕೊಂದು ಸೇರುವ ಗೆರೆಯಲ್ಲಿ. ಓಡುವ ನೀರಿನಲ್ಲಿ ಇಡೀ ದಿನ ಈಜುತ್ತಾ ನಿಲ್ಲುವುದು ಅದಕ್ಕೂ ಕಷ್ಟವೇ. ನಿಂತ ನೀರಿನಲ್ಲಿ ಕೂತರೆ ಊಟ ತಾನಾಗಿ ಬರುವುದಿಲ್ಲ. ಅದಕ್ಕೇ ಕಲ್ಲಿನ ಮರೆಯಲ್ಲಿ ನಿಂತು, ಪಕ್ಕದ ಓಟದಲ್ಲಿ ತೇಲಿ ಬರುವುದನ್ನು ನೋಡುತ್ತಿರುತ್ತದೆ. ಪುಟ್ಟ ಮೀನು, ಹುಳ, ಎಲ್ಲಕ್ಕಿಂತ ಜಾಸ್ತಿ ಕ್ರೇಫಿಶ್. ಇದು ಸಿಹಿನೀರಿನ ಪ್ರಾಣಿ, ನಮ್ಮ ಸಿಗಡಿಯ ನೆಂಟ, ಮುಂದೆ ಏಡಿಯ ಕೊಂಡಿ ಇರುತ್ತದೆ. ದಡದ ಹತ್ತಿರ ಚಪ್ಪಟೆ ಕಲ್ಲೊಂದನ್ನು ಮೆಲ್ಲಗೆ ಎತ್ತಿದರೆ ಹಿಂದಕ್ಕೆ ಚಿಮ್ಮಿ ಓಡುತ್ತದೆ. ಸುಣ್ಣಕಲ್ಲಿನ ಸೀಮೆಯಲ್ಲಿ ಚಿಪ್ಪು ಕಟ್ಟಿಕೊಳ್ಳುವುದಕ್ಕೆ ಬೇಕಾದ ಸುಣ್ಣ ನೀರಿನಲ್ಲೇ ಇದೆ, ಹಾಗಾಗಿ ಕ್ರೇಫಿಶ್‌ಗೂ ಬರವಿಲ್ಲ, ಅದನ್ನು ತಿನ್ನುವ ಮೀನಿಗೂ ಬರವಿಲ್ಲ.

ದಡದುದ್ದಕ್ಕೂ ನೀರಿನಲ್ಲೇ ಬೇರು ಬಿಟ್ಟ ಹಸಿರು ಗಿಡದ ಹಾಸುಗಳಿವೆ. ವಾಟರ್ ವಿಲೋ ಅನ್ನುತ್ತಾರೆ. ಜುಲೈನಲ್ಲಿ ಬಿಳಿಗೆ ನೇರಳೆ ಚುಕ್ಕೆ ಇಟ್ಟ ಸಣ್ಣ ಹೂ. ಹೆಸರಿನಲ್ಲಿ ವಿಲೋ ಇದ್ದರೂ ಆ ಮರಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ನಮ್ಮ ಆಡುಸೋಗೆಯ ಜಾತಿಯದು, ಇಬ್ಬರದೂ ಜಸ್ಟಿಸಿಯ ಕುಲ. ಕೆಮ್ಮು ಬಂದಾಗ ಅಜ್ಜಿ ಕಷಾಯಕ್ಕೆ ಕಿತ್ತು ತರುತ್ತಿದ್ದ ಗಿಡದ ಬಂಧು ಇಲ್ಲಿ ಬಾಸ್ ಮರಿಗಳಿಗೆ ಮರೆಯಾಗಿದೆ ಅಂತ ತಿಳಿದ ದಿನ ನನಗೆ ಆದ ಖುಷಿ ಸಣ್ಣದಲ್ಲ.

ಬೆಳಗಿನ ಹೊತ್ತು ನೀರಿನ ಮೇಲೆ ತೇಲುವ ಲೂರ್ ಕಟ್ಟುತ್ತೇವೆ, ಅಂದರೆ ಮೀನನ್ನು ಮರುಳು ಮಾಡುವ ಹುಸಿ ಎರೆ. ಪಾಪರ್ ಅಂತ ಅದರ ಹೆಸರು. ಹೆಬ್ಬೆರಳಿನಷ್ಟು ಉದ್ದ, ಬಾಯಿ ಒಳಕ್ಕೆ ತಗ್ಗಿರುತ್ತದೆ. ಕೋಲಿನ ತುದಿಯನ್ನು ಸ್ವಲ್ಪ ಮಿಡಿದರೆ ಬ್ಲುಪ್ ಅಂತ ನೀರು ಉಗುಳುತ್ತದೆ. ಎಸೆದ ಮೇಲೆ ಅಲೆ ಪೂರ್ತಿ ಸಾಯುವ ತನಕ ಮುಟ್ಟಬಾರದು. ಹಿರಿಯರು ಕಲಿಸಿದ ಮೊದಲ ಪಾಠ ಇದು. ಹೊನ್ನಾವರದವನಿಗೆ ಈ ಕಾಯುವುದು ಸಲೀಸು. ಮಳವಳ್ಳಿಯವನ ಕೈ ನಿಲ್ಲುವುದೇ ಇಲ್ಲ.

"ಸ್ವಲ್ಪ ತಡಿ ಮಾರಾಯ, ಅದಕ್ಕೂ ಯೋಚನೆ ಮಾಡೋಕೆ ಟೈಮ್ ಕೊಡು" ಅಂತ ಹೊನ್ನಾವರದವನು.

"ಯೋಚ್ನೆ ಮಾಡಿ ಬಿಟ್ಟೋದ್ರೆ ನೀನ್ ತಂದ್ಕೊಡ್ತೀಯಾ?" ಅಂತ ಮಳವಳ್ಳಿಯವನು.

ಅವನಿಗೇ ಮೊದಲ ಮೀನು ಬಂತು. ನದಿಗೆ ಬಾಗಿದ ಸಿಕಮೋರ್ ಮರವೊಂದರ ನೆರಳಲ್ಲಿ, ಎರಡು ಕಲ್ಲುಗಳ ನಡುವೆ. ಪಾಪರ್ ಬಿದ್ದು ಅಲೆ ಸಾಯುವ ಮೊದಲೇ ನೀರು ಒಡೆಯಿತು. ದಾರ ಬಿಗಿಯಿತು. ಮೀನು ಆಳಕ್ಕೆ ಹೋಗದೆ ನೇರ ಮೇಲಕ್ಕೆ ಹಾರಿತು. ಪೂರ್ತಿ ಮೈ ನೀರಿನಿಂದ ಹೊರಗೆ. ತಲೆ ಜಾಡಿಸಿ ಗಾಳ ಕೊಡವಲು ನೋಡಿತು, ಬಿತ್ತು, ಮತ್ತೆ ಹಾರಿತು. ಕ್ಯಾನೂ ಹಿಂದೆ ಕೂತ ಸಾಗರದವನು ಒಂದು ಮಾತೂ ಆಡದೆ ದೋಣಿಯನ್ನು ಅಡ್ಡ ತಿರುಗಿಸಿ ನಿಲ್ಲಿಸಿದ. ಸೆಳವು ಮೀನಿನ ಕಡೆ ಸೇರದ ಹಾಗೆ. ಇಂಥ ಜೊತೆಗಾರ ಸಿಗಬೇಕು.

ಹತ್ತಿರ ತಂದು ಕೆಳದವಡೆಗೆ ಹೆಬ್ಬೆರಳು ಕೊಟ್ಟು ಹಿಡಿದ. ಬಾಸ್‌ಗೆ ಕಚ್ಚಿ ಹರಿಯುವ ಹಲ್ಲಿಲ್ಲ, ದವಡೆಯ ಅಂಚು ಉಪ್ಪುಕಾಗದದ ಹಾಗೆ ತರಿತರಿ. ದಿನವಿಡೀ ಮೀನು ಹಿಡಿದ ಹೆಬ್ಬೆರಳು ಸಂಜೆಗೆ ಸವೆದು ಕೆಂಪಾಗಿರುತ್ತದೆ. ಮೈ ಕಂಚಿನ ಬಣ್ಣ, ಬೆನ್ನಿನ ಕಡೆ ಹಸಿರು ಛಾಯೆ. ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಮಾಸಲು ಪಟ್ಟೆಗಳು. ಕಣ್ಣು ಕೆಂಪು. ಬಾಯಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಇದರ ಅಣ್ಣನಾದ ಲಾರ್ಜ್‌ಮೌತ್‌ಗೆ ಆದರೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಬೆಳಕಿನಲ್ಲಿ ಹಿಡಿದಂತೆ ಪಟ್ಟೆಗಳು ನೋಡನೋಡುತ್ತಲೇ ಗಾಢವಾದವು. ಹನ್ನೆರಡು ಇಂಚು ದಾಟಿದ ಮೀನು. ಈ ನದಿಯಲ್ಲಿ ಅಷ್ಟು ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ಗಾಳದ ತುದಿಯ ಹಿಂದಿನ ಪುಟ್ಟ ಮುಳ್ಳನ್ನು ನಾವು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತೇವೆ. ಹಾಗಾಗಿ ಸಲೀಸಾಗಿ ಬಿಡಿಸಿಕೊಂಡಿತು. ನೀರಿಗೆ ತಗ್ಗಿಸಿ ಹಿಡಿದ. ಕಿವಿರು ಎರಡು ಸಲ ತೆರೆದು ಮುಚ್ಚಿತು. ಬಾಲ ಬೀಸಿ ಹೋಯಿತು.

ಹಿರಿಯರು ಅಷ್ಟರಲ್ಲಿ ಜೇಬಿನಿಂದ ಪುಸ್ತಕ ತೆಗೆದಿದ್ದರು. ನೀರು ತಾಗದ ಕಾಗದದ ಪುಟ್ಟ ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್. ಹೊತ್ತು, ಜಾಗ, ಮೀನಿನ ಉದ್ದ, ನೀರಿನ ಬಿಸಿ. ಯಾರು ಹಿಡಿದರೂ ಬರೆಯುತ್ತಾರೆ. ಮೈಮೇಲೆ ಗಾಯ ಅಥವಾ ಕಪ್ಪು ಕಲೆ ಇದ್ದರೆ ಅದನ್ನೂ. ಇಂಥ ಪುಸ್ತಕಗಳು ಅವರ ಮನೆಯ ಕಪಾಟಿನಲ್ಲಿ ಸಾಲಾಗಿವೆ. ಮೊದಮೊದಲು ನನಗೆ ಅದು ಅವರ ಅಭ್ಯಾಸ ಅಂತಷ್ಟೇ ಅನ್ನಿಸುತ್ತಿತ್ತು. ಅದು ಎಷ್ಟು ದೊಡ್ಡ ಕೆಲಸ ಅಂತ ಈಗ ಗೊತ್ತಾಗಿದೆ. ಈ ಬರಹ ಬರೆಯುತ್ತಿರುವುದೂ ಅದನ್ನು ಹೇಳುವುದಕ್ಕೇ.

ಮಧ್ಯಾಹ್ನ ನದಿ ನಡುವಿನ ಒಂದು ಜಲ್ಲಿ ದಿಬ್ಬಕ್ಕೆ ದೋಣಿ ಎಳೆದು ಕೂತೆವು. ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಹಿರಿಯರಿಗೆ ಪುಳಿಯೋಗರೆ ಅಂದರೆ ಪ್ರಾಣ. ಕಾಲು ನೀರಿನಲ್ಲಿ, ಬಾಳೆ ಎಲೆ ಬದಲು ಉಕ್ಕಿನ ಡಬ್ಬಿ ಮುಚ್ಚಳ ತೊಡೆಯ ಮೇಲೆ. ಮಿಂಚುಳ್ಳಿಯೊಂದು ಕಿರುಚಿಕೊಂಡು ಆಚೆ ದಡಕ್ಕೆ ಹೋಯಿತು. ಇಲ್ಲಿನದು ನಮ್ಮೂರಿನದರಷ್ಟು ಬಣ್ಣದ್ದಲ್ಲ, ಗಾತ್ರ ಮಾತ್ರ ದೊಡ್ಡದು.

ಆಗ ಸಾಗರದವನು ಕೇಳಿದ. "ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದು ಯಾಕೆ?"

ನನ್ನ ಅಮ್ಮನೂ ಫೋನಿನಲ್ಲಿ ಇದನ್ನೇ ಕೇಳುತ್ತಾಳೆ. ತಿನ್ನುವವರು ಹಿಡಿದರೆ ಅದಕ್ಕೊಂದು ಅರ್ಥ ಇದೆ, ನಿಮ್ಮದೇನು ಆಟ ಅಂತ. ಇದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಅಲ್ಲಿ ಅವು ದೇವರ ಮೀನು. ಗಾಳದ ಮಾತೇ ಇಲ್ಲ. ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದಾಗ ಊರಿಗೆ ಊರೇ ಅತ್ತಿತ್ತು. ಮೀನನ್ನು ಮುಟ್ಟದೆ ಪ್ರೀತಿಸುವ ಕ್ರಮ ಒಂದು ನಮ್ಮಲ್ಲೇ ಇದೆ, ಅದು ದೊಡ್ಡದು.

ಗಾಳ ಮೀನಿಗೆ ನೋವೇ. ಅದನ್ನು ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ. ಅದಕ್ಕೇ ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟುವುದಿಲ್ಲ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ರೋಗ ಹತ್ತುತ್ತದೆ. ಫೋಟೋಗೆ ಅಂತ ಮೇಲೆತ್ತಿ ನಿಲ್ಲುವುದಿಲ್ಲ. ವಸಂತದಲ್ಲಿ ಅವು ಮೊಟ್ಟೆ ಇಡುವ ಕಾಲಕ್ಕೆ ನಾವು ಹೋಗುವುದೇ ಇಲ್ಲ. ಗಂಡು ಬಾಲದಿಂದ ಜಲ್ಲಿ ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಕಾವಲು ಪೂರ್ತಿ ಗಂಡಿನದು. ಮರಿಗಳು ಚೆದುರುವವರೆಗೂ ಅದು ಸರಿಯಾಗಿ ಊಟ ಮಾಡುವುದಿಲ್ಲ. ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ, ಲೂರ್ ಬಂದರೂ ಕಚ್ಚುತ್ತದೆ. ಅದನ್ನು ಎಳೆದುಕೊಂಡ ಸ್ವಲ್ಪ ಹೊತ್ತಿನಲ್ಲೇ ಬೇರೆ ಮೀನುಗಳು ಗೂಡು ಖಾಲಿ ಮಾಡಿರುತ್ತವೆ. ಅಂಥ ಮೀನನ್ನು ಹಿಡಿದು ಹೆಮ್ಮೆ ಪಡುವುದರಲ್ಲಿ ಏನಿದೆ?

ಇಷ್ಟೆಲ್ಲ ಮಾಡಿದರೂ ಸಾಗರದವನ ಪ್ರಶ್ನೆ ಹಾಗೇ ಇರುತ್ತದೆ, ನಿಜ. ನನ್ನ ಉತ್ತರ ಹಿರಿಯರ ಪುಸ್ತಕದಲ್ಲಿದೆ. ಗಾಳ ಹಾಕುವವರು ಇಲ್ಲದ ನದಿಯಲ್ಲಿ ನೀರಿನ ಕೆಳಗೆ ಏನಾಗುತ್ತಿದೆ ಅಂತ ನೋಡುವವರು ತುಂಬಾ ಕಡಿಮೆ. ಹುಲಿ ಕಡಿಮೆಯಾದರೆ ಸುದ್ದಿಯಾಗುತ್ತದೆ. ಮೀನು ಕಡಿಮೆಯಾದರೆ ಮೇಲಿಂದ ನದಿ ನಿನ್ನೆಯಂತೆಯೇ ಕಾಣುತ್ತದೆ.

ಇದೇ ನದಿಯನ್ನೇ ನೋಡಿ. ಸ್ಮಾಲ್‌ಮೌತ್ ಇಲ್ಲಿನ ಮೂಲ ಮೀನೇ ಅಲ್ಲ. ಅಲೆಗೆನಿ ಬೆಟ್ಟಗಳ ಆಚೆ, ಮಿಸಿಸಿಪ್ಪಿ ಕಡೆಗೆ ಹರಿಯುವ ನೀರಿನದು. 1854ರಲ್ಲಿ ವಿಲಿಯಂ ಶ್ರೈವರ್ ಅನ್ನುವವರು ವೀಲಿಂಗ್ ಕ್ರೀಕ್‌ನಿಂದ ಒಂದಷ್ಟು ಮೀನುಗಳನ್ನು ಬಾಲ್ಟಿಮೋರ್ ಅಂಡ್ ಒಹಾಯೊ ರೈಲಿನ ಉಗಿ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಹಾಕಿ ಬೆಟ್ಟ ದಾಟಿಸಿ ತಂದರು. ಕಂಬರ್ಲೆಂಡ್‌ನಲ್ಲಿ ಕಾಲುವೆಗೆ ಬಿಟ್ಟರು. ಅಲ್ಲಿಂದ ಅವು ನದಿಗೆ ಇಳಿದವು. ಆ ರೈಲು ದಾರಿ ವೀಲಿಂಗ್ ಮುಟ್ಟಿ ಆಗ ಒಂದೆರಡು ವರ್ಷ ಆಗಿತ್ತಷ್ಟೇ. ಬೆಟ್ಟ ಸಾವಿರಾರು ವರ್ಷ ಬೇರೆಯಾಗಿ ಇಟ್ಟಿದ್ದ ಎರಡು ನೀರುಗಳನ್ನು ಒಂದು ತೊಟ್ಟಿ ಸೇರಿಸಿಬಿಟ್ಟಿತು. ಇವತ್ತು ಪೊಟೊಮ್ಯಾಕ್‌ನಲ್ಲಿ ನಾವು ಹಿಡಿಯುವ ಬಾಸ್ ಅವುಗಳ ಸಂತಾನ. ಅವು ಬರುವ ಮೊದಲು ಈ ಕಲ್ಲುಗಳ ಹಿಂದೆ ಯಾರು ನಿಲ್ಲುತ್ತಿದ್ದರು, ಎಷ್ಟಿದ್ದರು ಅನ್ನುವ ಲೆಕ್ಕವನ್ನು ಆಗ ಯಾರೂ ಹಿಡಿದಿರಲಿಲ್ಲ.

ಇದೇ ಮೀನನ್ನು ದಕ್ಷಿಣ ಆಫ್ರಿಕಕ್ಕೂ ಒಯ್ದರು. ಅಲ್ಲಿನ ಕೇಪ್ ಸೀಮೆಯ ಸಣ್ಣ ಹೊಳೆಗಳಲ್ಲಿ ಸ್ಥಳೀಯ ಪುಟ್ಟ ಮೀನುಗಳನ್ನು ಇದು ತಿಂದು ಮುಗಿಸುತ್ತಾ ಬಂತು. ರೊಂಡೆಗಾಟ್ ಅನ್ನುವ ಹೊಳೆಯ ಒಂದು ಭಾಗದಲ್ಲಿ 2012ರಲ್ಲಿ ಮೀನು ಕೊಲ್ಲುವ ಔಷಧಿ ಹಾಕಿ ಬಾಸ್ ತೆಗೆಸಿದರು. ಆಮೇಲೆ ಸ್ಥಳೀಯ ಮೀನುಗಳು ಮತ್ತೆ ಆ ನೀರಿಗೆ ಬಂದವು. ನನಗೆ ಇಷ್ಟವಾದ ಮೀನಿನ ಬಗ್ಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಕಸಿವಿಸಿ ಆಗಿತ್ತು. ಆದರೂ ಅಲ್ಲಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಪೊಟೊಮ್ಯಾಕ್‌ನಲ್ಲಿ ಬಾಸ್ ಈಗ ನದಿ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳುವ ಮೀನಾಗಿದೆ. 2003ರಲ್ಲಿ ಈ ನದಿಯ ದಕ್ಷಿಣ ಕವಲಿನಲ್ಲಿ ಗಂಡು ಬಾಸ್‌ಗಳ ವೃಷಣದೊಳಗೆ ಮೊಟ್ಟೆಯ ಕಣಗಳು ಕಂಡವು. ಹೊಲದಿಂದ, ಕೋಳಿ ಫಾರಂಗಳಿಂದ, ಚರಂಡಿ ನೀರು ಶುದ್ಧ ಮಾಡುವ ಘಟಕಗಳಿಂದ ಹರಿದು ಬರುವ, ಹಾರ್ಮೋನಿನ ಕೆಲಸ ಮಾಡುವ ರಾಸಾಯನಿಕಗಳ ಮೇಲೆ ಅನುಮಾನ ಹೋಯಿತು. 2004, 2005ರ ವಸಂತದಲ್ಲಿ ಉಪನದಿ ಶೆನಾಂಡೊವಾದಲ್ಲಿ ದೊಡ್ಡ ಬಾಸ್‌ಗಳು ಮೈತುಂಬ ಹುಣ್ಣಾಗಿ ರಾಶಿ ರಾಶಿ ಸತ್ತವು. ವಾಷಿಂಗ್ಟನ್ ನಗರ ಕುಡಿಯುವುದು ಇದೇ ಪೊಟೊಮ್ಯಾಕ್ ನೀರು. ಗಂಡು ಮೀನಿನೊಳಗೆ ಮೊಟ್ಟೆ ಅನ್ನುವುದು ಹಾಗಾಗಿ ಮೀನಿನವರ ಸುದ್ದಿಯಾಗಿ ಉಳಿಯಲಿಲ್ಲ. ಹಿರಿಯರು ಆ ವರ್ಷಗಳ ಪುಸ್ತಕ ತೆರೆದು ತೋರಿಸಿದ್ದಾರೆ. ಪುಟದ ಅಂಚಿನಲ್ಲಿ ಹುಣ್ಣು, ಹುಣ್ಣು, ಮತ್ತೆ ಹುಣ್ಣು.

ಈ ಮಾತು ಬಂದಾಗ ಮಳವಳ್ಳಿಯವನು ಕೋಡುಬಳೆ ಡಬ್ಬಿ ಪಕ್ಕಕ್ಕಿಟ್ಟ. ಅವನ ಸೋದರಮಾವ ಮುತ್ತತ್ತಿ ಕಡೆಯವನು. ಕಾವೇರಿಯಲ್ಲಿ ಗಾಳದ ಕ್ಯಾಂಪುಗಳಿದ್ದ ಕಾಲದಲ್ಲಿ ಅವನು ತೆಪ್ಪ ಹಾಕುತ್ತಿದ್ದ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ, ಈ ಹೆಸರುಗಳು ಆಗ ಲಂಡನ್ನಿನ ಗಾಳದವರಿಗೂ ಬಾಯಿಪಾಠ. ಅವರು ಬರುತ್ತಿದ್ದದ್ದು ಬಿಳಿ ಮೀನಿಗೆ, ಅಂದರೆ ಮಹಶೀರ್‌ಗೆ. ಬೆನ್ನು ಗೂನಾಗಿ ಎದ್ದ, ರೆಕ್ಕೆಗಳು ಕೆಂಪು ಕಿತ್ತಳೆ ಬಣ್ಣದ ಕಾವೇರಿಯ ಮಹಶೀರ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. 54 ಕಿಲೋ. ನಮ್ಮ ಬಾಸ್ ಎರಡು ಕಿಲೋ ತೂಗಿದರೆ ಊರಿಗೆಲ್ಲ ಹೇಳುತ್ತೇವೆ.

ಆ ಕ್ಯಾಂಪುಗಳಲ್ಲೂ ಹಿಡಿದ ಮೀನನ್ನು ಬಿಡುವುದೇ ನಿಯಮವಾಗಿತ್ತು. ಬಿಡುವ ಮೊದಲು ತೂಗಿ ಬರೆದಿಡುತ್ತಿದ್ದರು. ಮೊದಲು ಬಲೆ, ಸಿಡಿಮದ್ದು ಹಿಡಿಯುತ್ತಿದ್ದ ಕೆಲವರು ಇಲ್ಲಿ ತೆಪ್ಪದವರಾಗಿ, ಕಾವಲಿನವರಾಗಿ ಸಂಬಳಕ್ಕೆ ಸೇರಿದ್ದರು. 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಅಭಯಾರಣ್ಯದಲ್ಲಿ ಮೋಜಿಗೆ ಪ್ರಾಣಿ ಹಿಡಿಯಬಾರದು ಅನ್ನುವ ವಾದದಲ್ಲಿ ನ್ಯಾಯ ಇದೆ. ಗಾಳದವರಿದ್ದಾಗ ಹೊಳೆಗೆ ಕಣ್ಣು ಕಿವಿ ಇತ್ತು ಅನ್ನುವ ವಾದದಲ್ಲೂ ಇದೆ.

ಆಮೇಲೆ ಆ ಕ್ಯಾಂಪಿನ ಹಳೇ ಪುಸ್ತಕಗಳನ್ನು ಸಂಶೋಧಕರು ತೆಗೆದು ಕೂತರು. ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕ. ಅದರಲ್ಲಿ ಕಂಡದ್ದು ಇದು: ಒಟ್ಟು ಮೀನು ಹೆಚ್ಚುತ್ತಾ ಹೋಗಿದೆ, ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಕೆಂಪು ರೆಕ್ಕೆಯ ಗೂನುಬೆನ್ನಿನದು ಇಳಿಯುತ್ತಾ ಇಳಿಯುತ್ತಾ ಹತ್ತಿರ ಹತ್ತಿರ ಇಲ್ಲವೇ ಇಲ್ಲ ಅನ್ನುವ ಹಾಗಾಗಿದೆ. ನೀಲಿ ರೆಕ್ಕೆಯದು ಕಾವೇರಿಯ ಮೂಲದ್ದಲ್ಲ. ಮಹಶೀರ್ ಉಳಿಸಬೇಕು ಅನ್ನುವ ಒಳ್ಳೆಯ ಮನಸ್ಸಿನಿಂದಲೇ 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿಗಳನ್ನು ತಂದು ಹೊಳೆಗೆ ಬಿಟ್ಟಿದ್ದರು. ಎರಡೂ ಮಹಶೀರ್ ತಾನೇ ಅಂತ.

ಇನ್ನೂ ಸಂಕಟದ ವಿಷಯ, ಪ್ರಪಂಚಕ್ಕೆಲ್ಲ ಗೊತ್ತಿದ್ದ ಆ ಗೂನುಬೆನ್ನಿನ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ಅದಕ್ಕೂ ಕೆಲವು ವರ್ಷ ಮೊದಲು ಟಾರ್ ರೆಮಾದೇವಿ ಅಂತ ವಿವರಿಸಿದ್ದ ಮೀನೂ ಇದೂ ಒಂದೇ ಅಂತ ಆಗ ಗೊತ್ತಾಯಿತು. ಹೆಸರು ಸಿಕ್ಕಿದ ವರ್ಷವೇ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ರೈಲಿನ ತೊಟ್ಟಿ, ಲೋಣಾವಳದ ಮರಿ. ಎರಡರಲ್ಲೂ ತಂದವರು ಮೀನನ್ನು ಪ್ರೀತಿಸುವವರೇ. ಪೊಟೊಮ್ಯಾಕ್‌ನಲ್ಲಿ ಏನು ಹೋಯಿತು ಅಂತ ಕೇಳಿದರೆ ತೋರಿಸಲು ಪುಸ್ತಕ ಇಲ್ಲ. ಕಾವೇರಿಯಲ್ಲಿ ಇತ್ತು. ತೆಪ್ಪದಲ್ಲಿ ಕೂತು ರೆಕ್ಕೆಯ ಬಣ್ಣ ನೋಡಿ ಬರೆದವರು ಇದ್ದದ್ದಕ್ಕೇ ನಮಗೆ ಕಳೆದುಹೋಗುತ್ತಿರುವುದು ಏನು ಅಂತ ಗೊತ್ತಾಯಿತು. ಸಾಗರದವನು ಇದನ್ನೆಲ್ಲ ಕೇಳಿ, "ಹಾಗಾದ್ರೆ ಗಾಳಕ್ಕಿಂತ ಪೆನ್ಸಿಲ್ ಮುಖ್ಯ ಅನ್ನು" ಅಂದ. ಹೌದು, ಗಾಳ ಇಲ್ಲದೆ ಬರೆಯುವ ದಾರಿ ಇದ್ದರೆ ಅದೂ ಆಗಬಹುದು. ನನಗೆ ಎರಡೂ ಬೇಕು. ಆ ಮೀನು ಹಾರಿದಾಗ ಎದೆ ಹೊಡೆದುಕೊಳ್ಳದಿದ್ದರೆ ವರ್ಷಗಟ್ಟಲೆ ಕೂತು ಬರೆಯುವ ಆಸೆ ಎಲ್ಲಿಂದ ಬರಬೇಕು?

ಊಟ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಹಿರಿಯರು ಥರ್ಮಾಮೀಟರನ್ನು ನೀರಿಗೆ ಬಿಟ್ಟು ನೋಡಿದರು. 80 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 27ರ ಹತ್ತಿರ. ಅದು ಅವರ ಗೆರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೋರಾಡಿ ಸುಸ್ತಾದ ಮೀನು ಬಿಟ್ಟ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ಕೋಲುಗಳನ್ನು ಮಡಿಚಿ ಕಟ್ಟಿದೆವು. ಆಮೇಲಿನ ಎರಡು ಮೈಲಿ ಬರೀ ತೇಲಿದ್ದು, ಈಜಿದ್ದು. ಕಲ್ಲಿನ ಸಾಲುಗಳ ನಡುವೆ ಕ್ಯಾನೂ ನುಗ್ಗಿಸುವುದು ಸಾಗರದವನಿಗೆ ಬಿಟ್ಟ ಕೆಲಸ. ಮಳವಳ್ಳಿಯವನು ಹುಟ್ಟನ್ನು ಅಡ್ಡ ಹಾಕಿದಾಗಲೆಲ್ಲ ಹಿಂದಿನಿಂದ ಬೈಗುಳ. ಸ್ನೈಡರ್ಸ್ ಲ್ಯಾಂಡಿಂಗ್‌ನಲ್ಲಿ ದೋಣಿ ಎತ್ತಿ, ಮೇಲಿನ ಕಾರು ತಂದು, ಶಾರ್ಪ್ಸ್‌ಬರ್ಗ್‌ನ ಐಸ್‌ಕ್ರೀಮ್ ಅಂಗಡಿ ಮುಂದೆ ಕೆಸರು ಕಾಲಲ್ಲೇ ಸಾಲು ನಿಂತೆವು. 1862ರ ಸೆಪ್ಟೆಂಬರ್‌ನಲ್ಲಿ ಈ ಊರಿನ ಸುತ್ತ ಒಂದೇ ದಿನದ ಯುದ್ಧದಲ್ಲಿ ಸಾವಿರಾರು ಜನ ಸತ್ತರು. ಊರಿನವರು ನದಿ ದಡದ ಗವಿಗಳಲ್ಲಿ ಅಡಗಿದ್ದರಂತೆ. ಈಗ ಅಲ್ಲಿ ಮಕ್ಕಳು ಕೋನ್ ಹಿಡಿದು ಓಡಾಡುತ್ತಾರೆ.

ಗಾಳಿಬೋರೆಯ ಲೆಕ್ಕದ ಆ ಸಂಶೋಧನಾ ಲೇಖನವನ್ನು ರಾತ್ರಿ ಮಳವಳ್ಳಿಯವನಿಗೆ ಕಳಿಸಿದೆ. ಮಾರನೆಯ ದಿನ ಬೆಳಿಗ್ಗೆ ಅವನು ಮಾವನಿಗೆ ಫೋನ್ ಹಚ್ಚಿದ. ನಾನು ಅವನ ಮನೆಯಲ್ಲೇ ಇದ್ದೆ, ಕಾಫಿಗೆ ಹೋಗಿದ್ದೆ. ಸ್ಪೀಕರ್ ಹಾಕಿದ್ದ.

"ಮಾವ, ನಿನ್ ತೆಪ್ಪದಲ್ಲಿ ಕೆಂಪು ರೆಕ್ಕೆದು ಕೊನೇ ಸಲ ಕಂಡಿದ್ದು ಯಾವಾಗ?"

"ಯಾಕ್ಲಾ ಮಗ, ಬೆಳಬೆಳಿಗ್ಗೆ ಮೀನಿನ್ ಸುದ್ದಿ?"

"ಹೇಳು ಮಾವ. ಯಾವ ಮಡು, ಯಾವ ಕಾಲ, ಜ್ಞಾಪಕ ಇರೋದೆಲ್ಲ. ಒಂದು ಪುಸ್ತಕ ತಗೊಂಡು ಬರ್ದಿಡು."

"ನಂಗೆಲ್ಲಿ ಬರ್ಯಾಕ್ ಬತ್ತದೆ. ನಾನು ಹೇಳ್ತೀನಿ, ನೀನು ಬರ್ಕೊ."

ಅವನು ನನ್ನ ಕಡೆ ನೋಡಿ ಪೆನ್ನು ಅಂತ ಸನ್ನೆ ಮಾಡಿದ.